ಹೊನ್ನಿಯೂ ಕೆಂಪು ಹಾಯಿಯ ಸುಂಟರಗಾಳಿಯೂ

ಬಹಳ ಹಿಂದೆ, ಏಳು ಕಡಲಿನಾಚೆ, ಅಲೆನಾಡು ಎಂಬ ದ್ವೀಪರಾಜ್ಯವಿತ್ತು. ಅಲ್ಲಿಯವರು ಹಲಗೆಗೆ ಹಾಯಿ ಕಟ್ಟಿ, ಅದರ ಮೇಲೆ ನಿಂತೇ ಕಡಲು ದಾಟುತ್ತಿದ್ದರು. ಕಡಲ ನಡುವಿನ ಬಂಡೆಯ ಮೇಲೆ ಘೋರಕನೆಂಬ ಮಾಂತ್ರಿಕನಿದ್ದ. ಅವನು ಮೂವರನ್ನು ಹಿಡಿದು ಮೂರು ಸುಂಟರಗಾಳಿ ಮಾಡಿದ. ಅವರಲ್ಲಿ ಹೊನ್ನಿಯ ಗಂಡ ಜಟ್ಟಿಯೂ ಒಬ್ಬ. ಹೊನ್ನಿ ಮೂರು ತಿಂಗಳು ಅತ್ತಳು. ಆಮೇಲೆ ಹಳೆಯ ಹಾಯಿಗೆ ತೇಪೆ ಹಾಕಿದಳು.

ಆಗ ಮುದಿ ಆಮೆಯೊಂದು ದಡಕ್ಕೆ ಬಂದು ಹೇಳಿತು: "ಹೆಸರು ಹಿಡಿದು ಕೂಗಿದರೆ ಗಾಳಿ ಮತ್ತೆ ಮನುಷ್ಯನಾಗುತ್ತದೆ. ಆದರೆ ಘೋರಕ ಸಾಯುವ ಮೊದಲೇ ಕೂಗಬೇಕು. ಅವನು ಸತ್ತರೆ ಗಾಳಿ ಗಾಳಿಯಾಗಿಯೇ ಚದುರಿಹೋಗುತ್ತದೆ."

ಹೊನ್ನಿ ಹಲಗೆಯನ್ನು ನೀರಿಗೆಳೆದಳು. ಅತ್ತೆ ನಾಗಮ್ಮ ಅಡ್ಡ ನಿಂತಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಆ ನಾಡಿನಲ್ಲಿ ಎಲ್ಲರೂ ನಂಬಿದ್ದರು.

"ಹೆಸರು ಹೇಳ್ತೀಯೇನೇ?"

"ಹೇಳ್ತೀನಿ ಅತ್ತೆ."

"ಎಲ್ಲಿ, ಈಗ ಹೇಳು ನೋಡೋಣ."

ಹೊನ್ನಿ ಸೆರಗು ಬಿಗಿದಳು. "ಅಲ್ಲಿ ಹೋಗಿ ಹೇಳ್ತೀನಿ ಬಿಡಿ."

"ನಿನ್ನ ನಾಚಿಕೆ ಏನು ದಡದಲ್ಲೇ ಕೂತಿರುತ್ತಾ? ನನ್ನ ಮಂಡಿ ಗಟ್ಟಿ ಇದ್ದಿದ್ದರೆ ನಾನೇ ಹೋಗ್ತಿದ್ದೆ."

ಹೊನ್ನಿ ಹಾಯಿ ಏರಿಸಿ ಹೊರಟಳು. ಸ್ವಲ್ಪ ದೂರದಲ್ಲೇ ಮೊದಲ ಸುಂಟರಗಾಳಿ ಎದ್ದಿತು. ಒಳಗೆ ಹಳದಿ ಹಾಯಿಯ ಚಿಂದಿ ಸುತ್ತುತ್ತಿತ್ತು, ನೆರೆಮನೆಯವನದು. "ಸೋಮಯ್ಯಾ!" ಎಂದಳು. ಗಾಳಿ ಬಿಚ್ಚಿಕೊಂಡಿತು. ಸೋಮಯ್ಯ ಕೆಮ್ಮುತ್ತಾ ದಡದ ಕಡೆ ಈಜಿದ.

ಎರಡನೆಯದರಲ್ಲಿ ನೀಲಿ ಹಾಯಿ, ಅವಳ ಅಣ್ಣನದು. "ಕುಪ್ಪಣ್ಣಾ!" ಎಂದಳು. ಅವನೂ ನೀರಿಗೆ ಬಿದ್ದ. "ಸಾಕು, ತಿರುಗೇ!" ಎಂದು ಕರೆದ. ಹೊನ್ನಿ ತಿರುಗಲಿಲ್ಲ.

ಮೂರನೆಯದರಲ್ಲಿ ಕೆಂಪು ಹಾಯಿ, ಅವಳೇ ಹೊಲಿದದ್ದು.

"ಮುಳುಗಿಸು ಅವಳನ್ನ!" ಘೋರಕ ಬಂಡೆಯಿಂದ ಅರಚಿದ.

ಹೊನ್ನಿ ಬಾಯಿ ತೆರೆದಳು. ಹೆಸರು ನಾಲಿಗೆಗೆ ಬರಲಿಲ್ಲ. ಏಳು ವರ್ಷ ಕರೆದ ಹಾಗೆಯೇ ಕರೆದಳು: "ಇಗಾ, ಇಲ್ಲಿ ನೋಡಿ... ನಾನು."

ಗಾಳಿ ದನಿಯನ್ನು ಗುರುತಿಸಿತು. ಮನುಷ್ಯನಾಗಲಿಲ್ಲ, ಅವಳನ್ನು ಮುಳುಗಿಸಲೂ ಇಲ್ಲ. ಹಲಗೆಯನ್ನು ಒಂದು ಸುತ್ತು ಬಳಸಿ, ಬಂಡೆಯ ಕಡೆ ನುಗ್ಗಿ, ಘೋರಕನನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿತು. ಘೋರಕ ಸತ್ತ.

"ಜಟ್ಟೀ!" ಹೊನ್ನಿ ಆಗ ಕೂಗಿದಳು. "ಜಟ್ಟೀ! ಜಟ್ಟೀ!"

ಗಾಳಿ ತೆಳ್ಳಗಾಗುತ್ತಾ ಹೋಗಿ ನಿಂತೇಹೋಯಿತು. ಕೆಂಪು ಚಿಂದಿ ನೀರಿನ ಮೇಲೆ ಬಿತ್ತು.

ಕಡಲು ಶಾಂತವಾಯಿತು. ಜನ ಹೆದರಿಕೆಯಿಲ್ಲದೆ ಹಾಯಿ ಏರಿಸಿ ಸುಖವಾಗಿ ಬಾಳಿದರು. ಅಲ್ಲಿ ಈಗ ಧಾರೆಯಾದ ಕೂಡಲೇ ಮದುಮಗಳು ಗಂಡನ ಹೆಸರನ್ನು ಮೂರು ಸಲ ಕೂಗಬೇಕು, ಇಲ್ಲದಿದ್ದರೆ ಊಟಕ್ಕೆ ಎಲೆ ಹಾಕುವುದಿಲ್ಲ. ನಾಚಿ ಗುನುಗುವ ಹುಡುಗಿಯರ ಪಕ್ಕ ನಿಂತು ಹೇಳಿಕೊಡುವುದು ಹೊನ್ನಿಯ ಕೆಲಸ.

"ಇನ್ನೂ ಗಟ್ಟಿಯಾಗಿ, ತಾಯಿ," ಅನ್ನುತ್ತಾಳೆ. "ಕಡಲಿನ ತನಕ ಕೇಳಿಸಬೇಕು."