ಹದಿನೇಳನೇ ಗೇಟಿನ ಸುದ್ದಿ

"ಯಾಕೆ ನಿಲ್ಲಿಸ್ದೆ? ಓದೇ! ಬಸ್ಸಲ್ಲಿ ಎಷ್ಟು ಜನ ಇದ್ರಂತೆ?"

ಪಟಾಕಿ ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದಳು. ಸಣಕಲಾಗಿದ್ದುದಕ್ಕೇ ಕಡ್ಡಿ ಎನಿಸಿಕೊಂಡ ಗೆಳತಿ ಗಂಟಲು ಸರಿಮಾಡಿಕೊಂಡು ಓದಿದಳು. "'ಬಟ್ಟೆ ಗಿರಣಿಯ ಕೆಲಸದವರಿದ್ದ ಬಸ್ಸಿಗೆ ನಿನ್ನೆ ಸಂಜೆ ರೈಲು ಬಡಿಯಿತು. ಬಸ್ಸಿನಲ್ಲಿ ಮೂವತ್ತೊಂದು ಮಂದಿ ಇದ್ದರು.'"

"ಮೂ-ವ-ತ್ತೊಂ-ದು. ಹೂಂ, ಮುಂದೆ?"

ಅದು ಲೈಬ್ರರಿಯ ಹಿಂದಿನ ಕೋಣೆ. ಮೇಜಿನ ಮೇಲೆ ಅರವತ್ತೈದು ವರ್ಷ ಹಿಂದಿನ ಪೇಪರುಗಳ ದಪ್ಪ ಬೈಂಡು. ಮುಟ್ಟಿದರೆ ಹಾಳೆಯ ಅಂಚು ಪುಡಿಯಾಗುತ್ತಿತ್ತು. ಅದಕ್ಕೇ ಇಲ್ಲಿ ಪೆನ್ನು ಇಲ್ಲ, ಮೊಬೈಲ್ ಇಲ್ಲ, ಜೆರಾಕ್ಸೂ ಇಲ್ಲ. ಒಬ್ಬರು ಓದಬೇಕು, ಎದುರಿಗೆ ಕೂತವರು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು.

ಸ್ಕೂಲಿನಲ್ಲಿ 'ನಮ್ಮ ಮನೆತನ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಪಟಾಕಿಯ ಮುತ್ತಜ್ಜಿ ಆ ಬಸ್ಸಿನಲ್ಲಿದ್ದರು. ಆಗ ಪಟಾಕಿಯ ಅಜ್ಜಿಗೆ ನಾಲ್ಕೇ ವರ್ಷ. ಅಮ್ಮನ ಮುಖವೂ ಅವರಿಗೆ ನೆನಪಿಲ್ಲ. "ಪೇಪರಲ್ಲಿ ಇರೋದೆಲ್ಲಾ ಬರ್ಕೊಂಡು ಬಾ, ಒಂದಕ್ಷರ ಬಿಡ್ಬೇಡ" ಎಂದು ಹೇಳಿ ಕಳಿಸಿದ್ದರು. ಕಡ್ಡಿ ಬಂದದ್ದು ಗೆಳತಿ ಕರೆದಳೆಂದು, ಅಷ್ಟೇ.

"'ಈ ಅಪಘಾತ ನಡೆದದ್ದು ಹದಿನೇಳನೇ ನಂಬರಿನ ರೈಲ್ವೆ ಗೇಟಿನಲ್ಲಿ...'"

ಕಡ್ಡಿಯ ನಾಲಿಗೆ ತಡವರಿಸಿತು.

ಕಡ್ಡಿಯ ತಾತ ಹುಟ್ಟಿದ್ದು ಹದಿನೇಳನೇ ಗೇಟಿನ ಮನೆಯಲ್ಲಿ. ತಾತನ ಅಪ್ಪ ಅಲ್ಲಿ ಗೇಟು ಕಾಯುತ್ತಿದ್ದರು. "ನಂಗೆ ಆರು ವರ್ಷ ಆದಾಗ ಅಲ್ಲಿಂದ ಎದ್ದು ಬಂದ್ವಿ" ಎಂದಷ್ಟೇ ತಾತ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ, "ಹೋಂವರ್ಕ್ ಆಯ್ತಾ?" ಎನ್ನುತ್ತಿದ್ದರು.

ಅವಳ ಕಣ್ಣು ಸರಸರನೆ ಮುಂದಿನ ಪ್ಯಾರಾದ ಮೇಲೆ ಓಡಿತು. ಮೆಲ್ಲಗೆ ಮೊಣಕೈಯನ್ನು ಆ ಪ್ಯಾರಾದ ಮೇಲಿಟ್ಟಳು. ಮುಂದಿದ್ದ ಸತ್ತವರ ಪಟ್ಟಿಗೆ ಹಾರಿ, ಹೆಸರುಗಳನ್ನು ಒಂದೊಂದಾಗಿ ಓದತೊಡಗಿದಳು.

ಏಳನೆಯ ಹೆಸರಿಗೆ ಪಟಾಕಿಯ ಪೆನ್ಸಿಲ್ ನಿಂತಿತು.

"ಇವ್ರೇ ಕಣೇ. ನಮ್ಮ ಮುತ್ತಜ್ಜಿ. ವಯಸ್ಸು ಹಾಕಿದಾರಾ?"

"ಇಪ್ಪತ್ತಾರು."

"ಇಪ್ಪತ್ತಾರಾ? ನಮ್ಮ ಪಿ.ಟಿ. ಮಿಸ್ಸಿಗಿಂತ ಚಿಕ್ಕೋರು!" ಪಟಾಕಿ ಆ ಹೆಸರನ್ನು ಎಲ್ಲಕ್ಕಿಂತ ದುಂಡಗೆ ಬರೆದಳು. ಆಮೇಲೆ ತಲೆಯೆತ್ತಿದಳು. "ಒಂದ್ನಿಮಿಷ. ರೈಲು ಬರ್ತಿರುವಾಗ ಬಸ್ಸು ಹಳಿ ಮೇಲೆ ಹೇಗ್ ಹೋಯ್ತು? ಗೇಟ್ ಹಾಕಿರ್ಲಿಲ್ವಾ?"

"ಗೊತ್ತಿಲ್ಲ."

"ಪೇಪರಲ್ಲಿ ಇರುತ್ತೆ, ನೋಡು."

"ಇಲ್ಲ ಅಂದ್ನಲ್ಲ!"

ಲೈಬ್ರರಿ ಅಂಕಲ್ ಬಾಗಿಲಲ್ಲಿ ಇಣುಕಿದರು. "ಇನ್ನು ಹತ್ತೇ ನಿಮಿಷ, ಮಕ್ಕಳೇ. ಏಯ್, ಮೊಣಕೈ ತೆಗಿಯಮ್ಮ! ಅದು ಪೇಪರು, ನಿನ್ನ ದಿಂಬಲ್ಲ."

ಕಡ್ಡಿ ಕೈ ತೆಗೆದಳು. ಎದುರಿಗಿದ್ದ ಪಟಾಕಿಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ. ಈಗ ಬೈಂಡು ಮುಚ್ಚಿಬಿಟ್ಟರೆ ಮುಗಿಯಿತು. ಪೇಪರಿನಲ್ಲಿ ಗೇಟಿನವನ ಹೆಸರು ಹಾಕಿರಲಿಲ್ಲ. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಪಟಾಕಿ ಏಳನೆಯ ಹೆಸರಿನ ಕೆಳಗೆ ಗೆರೆ ಎಳೆಯುತ್ತಿದ್ದಳು. ಗೆರೆ ಸೊಟ್ಟಗಾಯಿತೆಂದು ಅಳಿಸಿ, ಮತ್ತೆ ಎಳೆದಳು.

"ಒಂದು ಪ್ಯಾರಾ ಬಿಟ್ಟಿದೀನಿ," ಎಂದಳು ಕಡ್ಡಿ.

"ಯಾಕೆ?"

ಕಡ್ಡಿ ಪೇಪರಿನ ಮೇಲೆ ಬಗ್ಗಿದಳು. ಓದಿದಳು. "'ರೈಲು ಬರುವ ವೇಳೆಗೆ ಗೇಟು ತೆರೆದೇ ಇತ್ತು. ಕಾವಲುಗಾರನು ನಿದ್ರಿಸುತ್ತಿದ್ದನೆಂದು ತಿಳಿದುಬಂದಿದೆ. ಆತನನ್ನು ಬಂಧಿಸಲಾಗಿದೆ.'"

"ನಿದ್ದೆನಾ?" ಪಟಾಕಿ ಎದ್ದೇ ನಿಂತಳು. "ನಿದ್ದೆ ಹೊಡೀತಿದ್ನಾ? ಥೂ! ಯಾರವ್ನು? ಹೆಸ್ರು ಹೇಳು."

"ಹೆಸ್ರಿಲ್ಲ."

"ಮಾರನೇ ದಿನದ ಪೇಪರಲ್ಲಿ ಇರುತ್ತೆ. ಹುಡುಕೋಣ. ಅವನನ್ನ ಸುಮ್ನೆ ಬಿಡಲ್ಲ ನಾನು."

"ಹುಡುಕೋದು ಬೇಡ ಕಣೇ." ಕಡ್ಡಿ ಬೈಂಡನ್ನು ತನ್ನ ಕಡೆಗೆ ಎಳೆದುಕೊಂಡಳು. "ಅವ್ರು ನಮ್ಮ ಮುತ್ತಜ್ಜ."

"ತಮಾಷೆ ಮಾಡ್ಬೇಡ."

"ಇಲ್ಲ."

ಕ್ಲಾಸಿನಲ್ಲಿ ಅವಳಿಗೆ ಪಟಾಕಿ ಎಂದು ಹೆಸರು ಬಿದ್ದದ್ದು ಬಾಯಿ ಮುಚ್ಚುವುದೇ ಇಲ್ಲವೆಂದು. ಈಗ ಅವಳು ಏನೂ ಹೇಳಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಬೆನ್ನು ಹಾಕಿ ನಿಂತಳು.

ಪ್ಯಾರಾದಲ್ಲಿ ಇನ್ನೊಂದಿಷ್ಟು ಉಳಿದಿತ್ತು. ಕಡ್ಡಿ ಆ ಬೆನ್ನಿಗೇ ಓದಿದಳು.

"'ಗೇಟಿನ ಮನೆಯಲ್ಲಿ ಆತನೊಂದಿಗೆ ಆರು ವರ್ಷದ ಮಗನೊಬ್ಬನೇ ಇದ್ದನು. ಆಟದಲ್ಲಿ ಮೈಮರೆತು ಅಪ್ಪನನ್ನು ಎಬ್ಬಿಸಲಿಲ್ಲವೆಂದು ಆ ಬಾಲಕನು ಪೊಲೀಸರೆದುರು ಅಳುತ್ತಿದ್ದನು.'"

ಓದಿ ಮುಗಿಸಿದ ಮೇಲೂ ಅವಳ ಕಣ್ಣು ಅಲ್ಲೇ ಇತ್ತು. ಮನೆಯಲ್ಲಿ ಯಾರು ಮಲಗಿದ್ದರೂ ತಾತ ಹೊತ್ತಿಗೆ ಮುಂಚೆಯೇ ಎಬ್ಬಿಸುತ್ತಿದ್ದರು. ಒಮ್ಮೆ ಅಲ್ಲ, ಮೂರು ಸಲ. ಭಾನುವಾರವೂ ಬಿಡುತ್ತಿರಲಿಲ್ಲ. ಅಪ್ಪ ಅವರಿಗೆ 'ಅಲಾರಂ' ಎಂದು ಹೆಸರಿಟ್ಟಿದ್ದ. ಎಲ್ಲರೂ ನಗುತ್ತಿದ್ದರು. ಕಡ್ಡಿಯೂ ನಗುತ್ತಿದ್ದಳು.

"ಆ ಹುಡುಗ," ಕಿಟಕಿಯ ಕಡೆಯಿಂದಲೇ ಪಟಾಕಿ ಕೇಳಿದಳು, "ನಿಮ್ಮ ತಾತನಾ?"

"ಹೂಂ."

ಹೊರಗೆ ಅಂಕಲ್ ಕುರ್ಚಿಗಳನ್ನು ಎಳೆಯುತ್ತಿದ್ದ ಸದ್ದು ಕೇಳಿಸಿತು. ಪಟಾಕಿ ವಾಪಸು ಬಂದು ಕುಳಿತಳು. ಕಡ್ಡಿಯ ಮುಖ ನೋಡಲಿಲ್ಲ.

"ಇನ್ನೊಂದ್ಸಲ ಓದು. ನಿಧಾನಕ್ಕೆ."

ಕಡ್ಡಿ ಓದಿದಳು. ಪಟಾಕಿ ಬರೆದುಕೊಂಡಳು, ಗೇಟಿನಿಂದ ಹಿಡಿದು ಬಾಲಕನವರೆಗೆ, ಒಂದೂ ಬಿಡದೆ. ಬರೆದು ನೋಟ್‌ಬುಕ್ಕನ್ನು ಕಡ್ಡಿಯ ಮುಂದೆ ತಳ್ಳಿದಳು.

"ಅಜ್ಜಿಗೆ ನಾನು ಓದಲ್ಲ. ನೀನೇ ಬಂದು ಓದು."

"ನಾನಾ? ಅಜ್ಜಿ ಬೈತಾರೆ."

"ಬೈಬಹುದು."

"ಮುತ್ತಜ್ಜನ ವಿಷ್ಯಾನೂ ಹೇಳ್ಬೇಕಾ?"

"ನಂಗೊತ್ತಿಲ್ಲ ಕಣೇ! ನಿಮ್ಮ ಮುತ್ತಜ್ಜ ಅಲ್ವಾ?"

ಇಬ್ಬರೂ ಹೊರಗೆ ಬಂದರು. ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ಕಡ್ಡಿ ನಡೆದಳು. ಅಜ್ಜಿಯ ಎದುರು ಮೊದಲು ಯಾವ ಮಾತು ಆಡಬೇಕೋ ತಿಳಿಯಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದ ಪಟಾಕಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆದರೆ ಪಟಾಕಿ ಯಾವತ್ತೂ ಇಷ್ಟು ಮೆಲ್ಲಗೆ ನಡೆಯುವವಳಲ್ಲ. ಅದು ಕಡ್ಡಿಗೆ ಚೆನ್ನಾಗಿ ಗೊತ್ತಿತ್ತು.