ಚಿನ್ನಪ್ಪನ ಪ್ರಸಾದ

“ಆಪರೇಷನ್ ಇವತ್ತು ಬೇಡ.”

ಆ ದನಿಗೆ ಸುಪ್ರಜಾ ತಲೆಯೆತ್ತಿದಳು. ಡಲ್ಲಾಸ್‌ನ ಪ್ರಾಣಿಗಳ ಆಸ್ಪತ್ರೆಯ ಬಾಗಿಲಲ್ಲಿ ತಿರುಮಲ ನಿಂತಿದ್ದ. ಇಬ್ಬರೂ ಬೇರೆಯಾಗಿ ಅವನು ಹೂಸ್ಟನ್ ಕಡೆಯ ಕ್ಲಿಯರ್ ಲೇಕ್‌ಗೆ ಶಿಫ್ಟ್ ಆದಮೇಲೆ ಅವನ ಮುಖ ನೋಡುತ್ತಿರುವುದು ಇದೇ ಮೊದಲು.

ಅವಳ ಕಾಲ ಬಳಿ ಚಿನ್ನಪ್ಪ ಗೊರಗೊರ ಉಸಿರಾಡುತ್ತಿದ್ದ. ಒಂದು ಕಾಲದಲ್ಲಿ ಇಬ್ಬರೂ ಸೇರಿ ಸಾಕಿದ ಬೀಗಲ್ ನಾಯಿ. ಈಗ ಅವನ ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯಲ್ಲಿ, ನಿಂಬೆಹಣ್ಣಿನಷ್ಟು ಕ್ಯಾನ್ಸರ್ ಗಡ್ಡೆ.

“ಫೋನಲ್ಲೂ ನೀನು ಬೇಡ ಅಂದೆ. ಅದನ್ನೇ ಹೇಳೋಕೆ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದ್ಯಾ? ಅವನು ಸಾಯ್ಲಿ ಅಂತಾನಾ?”

“ಬೆಳಿಗ್ಗೆ ಪೂಜೆ ಆಯ್ತಾ?”

“ಆಗದೆ ಇರುತ್ತಾ?”

“ಚಿನ್ನಪ್ಪಂಗೆ ಪ್ರಸಾದ?”

ಸುಪ್ರಜಾ ತನ್ನ ಅಂಗೈ ನೋಡಿಕೊಂಡಳು.

ದಿನವೂ ದೇವರ ಮುಂದೆ ಕೂತು ಕಾಯುವವನು ಚಿನ್ನಪ್ಪ. ಅವನು ತಿಂದಮೇಲೆಯೇ ಅವಳ ಬಾಯಿಗೆ ಪ್ರಸಾದ. ಇಂಥ ದಿನ ತಪ್ಪಿಸುವುದುಂಟೇ ಎಂದು ಅಂಗೈ ತುಂಬ ಮೊಸರನ್ನ ಕೊಟ್ಟಿದ್ದಳು. ರಾತ್ರಿಯಿಂದ ಏನಾದರೂ ತಿಂದಿದ್ದಾನಾ ಎಂದು ನರ್ಸ್ ಕೇಳಿದಾಗ ‘ಇಲ್ಲ’ ಎಂದಿದ್ದಳು. ಸುಳ್ಳಲ್ಲ... ಪ್ರಸಾದ ಊಟವೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

“ಅನಸ್ತೇಶಿಯಾ ಕೊಟ್ಟಾಗ ವಾಂತಿ ಆದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ನಿನ್ನ ಪೂಜೆ ನಂಗೊತ್ತಲ್ಲ. ಡೇಟ್ ಮೆಸೇಜ್ ಮಾಡಿ ಫೋನ್ ಎತ್ತದೇ ಕೂತೆ. ಅದಕ್ಕೇ ಬಂದೆ.”

ನನ್ನ ಕೈಯಿಂದಲೇ... ದೇವರೇ...

ಎದ್ದು ಒಳಗೆ ಹೋಗಿ ನಿಜ ಹೇಳಿದಳು. ಆಪರೇಷನ್ ಮರುದಿನಕ್ಕೆ ಹೋಯಿತು. ತಿರುಮಲ ಕ್ಲಿಯರ್ ಲೇಕ್‌ಗೆ ವಾಪಸ್ ಹೋಗದೆ ಉಳಿದುಕೊಂಡ.

ಮರುದಿನ ಡಾಕ್ಟರು ಹೊರಗೆ ಬಂದು ಮೆಲ್ಲಗೆ ಹೇಳಿದರು. ಗಡ್ಡೆ ಸಡಿಲವಾಗಿದ್ದಿದ್ದರೆ ಇನ್ನೂ ಕೆಲವು ವರ್ಷ ಬದುಕುತ್ತಾನೆ ಎನ್ನಬಹುದಿತ್ತು. ಇದು ರಕ್ತನಾಳಕ್ಕೆ ಕಚ್ಚಿಕೊಂಡಿತ್ತು. ತೆಗೆಯಲಾದಷ್ಟು ತೆಗೆದಿದ್ದೇವೆ, ಉಸಿರು ಹಗುರಾಗುತ್ತದೆ. ಆದರೆ ದನಿಯ ನರ ಉಳಿಸಲಾಗಲಿಲ್ಲ. ಇನ್ನು ಕೆಲವು ತಿಂಗಳು, ಅಷ್ಟೇ.

ಡಾಕ್ಟರು ಹೋದಮೇಲೆ ತಿರುಮಲ ಅವಳ ಪಕ್ಕ ಬಂದು ಕೂತ.

“ಫೋನಲ್ಲಿ ಆಪರೇಷನ್ ಬೇಡ ಅಂದಿದ್ದು ಅವನಿಗೋಸ್ಕರ ಅಲ್ಲ, ಸುಪ್ರಜಾ. ಟೇಬಲ್ ಮೇಲೇ ಹೋಗ್ಬಿಟ್ರೆ ನಿನ್ನ ಮುಖ ಹೇಗೆ ನೋಡ್ಲಿ ಅಂತ. ಹೆದರಿಕೆ. ನಿನ್ನನ್ನ ಒಂದು ದಿನಾನೂ ಮರೆತಿಲ್ಲ.”

“ಹೆದರಿಕೆ ಅಂತ ಅಂದಿದ್ರೆ ಸಾಕಿತ್ತು, ತಿರು. ನಾನೂ ಹೆದರಿದ್ದೆ... ಒಬ್ಬಳೇ.”

ಎಚ್ಚರವಾದಮೇಲೆ ಇಬ್ಬರನ್ನೂ ಒಟ್ಟಿಗೆ ಕಂಡ ಚಿನ್ನಪ್ಪ ಬೊಗಳಲು ನೋಡಿದ. ಬರೀ ಗಾಳಿ ಬಂತು. ಬಾಲ ಮಾತ್ರ ನೆಲ ಬಡಿಯಿತು.

ಮೆತ್ತಗಿನದೇನಾದರೂ ಕೊಡಬಹುದೆಂದು ಡಾಕ್ಟರು ಹೇಳಿದ ದಿನ ಸುಪ್ರಜಾ ಪೂಜೆ ಮುಗಿಸಿ ಮೊಸರನ್ನದ ಡಬ್ಬಿ ತಂದಳು. ಮುಚ್ಚಳ ತೆಗೆಯುವ ಮೊದಲು, ಇದನ್ನು ಕೊಡಬಹುದಾ ಎಂದು ನರ್ಸನ್ನು ಎರಡೆರಡು ಸಲ ಕೇಳಿದಳು.

“ಪರವಾಗಿಲ್ವೇ, ಹುಷಾರಾಗಿದ್ದೀಯ,” ಎಂದ ತಿರುಮಲ.

“ನೀನೇ ಕೊಡು.”

ಅವನ ಬೆರಳಿಂದ ಚಿನ್ನಪ್ಪ ಸ್ವಲ್ಪ ಸ್ವಲ್ಪವೇ ನೆಕ್ಕಿದ.

“ದಿನಾ ಕೊಡ್ತೀಯಾ?”

“ಕೊಡ್ತೀನಿ.”

“ಅವನು ಹೋದಮೇಲೆ?”

ತಿರುಮಲ ಕೈ ತೊಳೆದು ಬಂದು, ಡಬ್ಬಿಯಲ್ಲಿ ಉಳಿದಿದ್ದರಲ್ಲಿ ಒಂದು ತುತ್ತು ಅವಳ ಅಂಗೈಗಿಟ್ಟ.

“ಅವನದಾದಮೇಲೆ ನಿನ್ನ ಸರದಿನೇ ಅಲ್ವಾ... ತಿನ್ನು.”