ನಲ್ಲಿಯ ಬದಿಯ ಹುಲ್ಲು

"ಮಿಷಿನ್ ನಿಲ್ಸಿ ಅಂಕಲ್! ಇದನ್ನ ಕತ್ತರಿಸೋ ಹಾಗಿಲ್ಲ!"

ಶಾಲೆಯ ಮೈದಾನದ ನಲ್ಲಿಯ ಬಳಿ ಹಬ್ಬಿದ್ದ ಹುಲ್ಲಿನ ಮೇಲೆ ಮೆಣಸಿನಕಾಯಿ ಪಟ್ಟಾಗಿ ಕುಳಿತುಬಿಟ್ಟಿದ್ದಳು. ಮೂಗಿನ ತುದಿಯಲ್ಲೇ ಕೋಪವಿರುವ ಆ ಹುಡುಗಿಗೆ ತರಗತಿಯವರು ಇಟ್ಟ ಹೆಸರು ಅದು.

ಮಾಲಿ ಯಂತ್ರ ನಿಲ್ಲಿಸಿ ಹಣೆ ಒರೆಸಿಕೊಂಡ. "ಏಳಮ್ಮ ತಾಯಿ. ವಾರವಾರ ನುಣ್ಣಗೆ ಬೋಳಿಸ್ಬೇಕು ಅಂತ ಹೆಡ್‌ಮಾಸ್ಟರ್ ಆರ್ಡರ್ರು."

"ಬೋಳಿಸಿದ್ರೆ ಹೂ ಹೇಗೆ ಬರುತ್ತೆ? ಹೂ ನೋಡದೆ ನಾನು ಹೇಳಿದ ಹುಲ್ಲಿನ ಹೆಸರು ಒಪ್ಪಲ್ಲ ಅಂದಿದ್ದಾರೆ ಸೈನ್ಸ್ ಮಿಸ್. ಇದು ಗಿನಿ ಹುಲ್ಲು. ದೊಡ್ಡಮ್ಮನ ಹಸುಗಳಿಗೆ ನಾನೇ ಹಾಕ್ತೀನಿ, ನಂಗೊತ್ತಿಲ್ವಾ?"

"ಗಿನಿ ಅಲ್ಲದಿದ್ರೆ?" ಎಲ್ಲರೂ ತರಲೆ ಅಂತಲೇ ಕರೆಯುವ ಸಹಪಾಠಿ ಹಿಂದಿನಿಂದ ಹಲ್ಲು ಕಿರಿದ.

"ಇಡೀ ಕ್ಲಾಸಿನ ಮುಂದೆ ನಾನೇ ತಪ್ಪು ಅಂತೀನಿ. ಸಾಕಾ?"

ಮಾಲಿ ನಕ್ಕು, ಅಷ್ಟು ಜಾಗ ಬಿಟ್ಟು ಯಂತ್ರ ತಿರುಗಿಸಿದ. "ಬೈಗುಳ ಬಿದ್ರೆ ನಿನ್ನ ತಲೆಗೆ."

ಅಂದಿನಿಂದ ಊಟದ ಬಿಡುವಿನಲ್ಲೆಲ್ಲ ಅವಳ ಠಿಕಾಣಿ ಅಲ್ಲೇ. ಹೆಡ್‌ಮಾಸ್ಟರ್ ಗದರಿದರೂ ಜಗ್ಗಲಿಲ್ಲ.

"ಮೇಯೋಕೆ ಬಂದ ಹಸು ಮಲಗಿಬಿಟ್ಟಿದೆ ನೋಡ್ರೋ!" ಎಂದು ತರಲೆ ಕೂಗುತ್ತಿದ್ದ.

"ಹಾಯುತ್ತೆ ಕೂಡ. ಹತ್ತಿರ ಬಾ!"

ಕೊನೆಗೂ ಹೂ ಬಂತು. ಗಿನಿ ಹುಲ್ಲಿನ ಗೊಂಚಲು ಕೆದರಿದ ಕೂದಲಿನಂತೆ ಸುತ್ತಲೂ ಹರಡುವುದನ್ನು ಅವಳು ಕಂಡಿದ್ದಳು. ಇಲ್ಲಾದರೋ ಕವಲುಗಳ ಒಂದೇ ಬದಿಗೆ ಕಾಳುಗಳು ಒತ್ತಾಗಿ ಸಾಲುಗಟ್ಟಿದ್ದವು. ಇದು ಗಿನಿ ಅಲ್ಲ. ಸುತ್ತ ಯಾರೂ ಇರಲಿಲ್ಲ. ಚಿವುಟಿ ಜೇಬಿಗೆ ಸೇರಿಸಿದರೆ ಮುಗಿಯಿತು.

ಚಿವುಟಿದಳು. ಆದರೆ ನೇರ ತರಗತಿಗೆ ನಡೆದು ಮಿಸ್ ಮೇಜಿನ ಮೇಲಿಟ್ಟಳು. "ಗಿನಿ ಅಲ್ಲ ಮಿಸ್. ನಾನು ಹೇಳಿದ್ದು ತಪ್ಪು." ಹೇಳುವಾಗಲೂ ತಲೆ ತಗ್ಗಿಸಲಿಲ್ಲ.

"ಸೋತ್ಲು, ಸೋತ್ಲು!" ತರಲೆ ಕುಣಿದ.

"ನೀನು ಯಾವುದು ಅಂದಿದ್ದೆ? ಬಾಯೇ ಬಿಟ್ಟಿರ್ಲಿಲ್ಲ. ಕೂತ್ಕೋ!"

ಮಿಸ್ ನಗು ತಡೆದುಕೊಂಡರು. "ಇದು ಪ್ಯಾರಾ ಹುಲ್ಲು. ದನಗಳಿಗೆ ಅಂತ ಎಲ್ಲಿಂದಲೋ ತಂದದ್ದು, ಈಗ ತೇವ ಕಂಡಲ್ಲೆಲ್ಲ ತಾನೇ ಬೆಳೆಯುತ್ತೆ. ಗಿನಿ ಒಂದೇ ಬುಡದಿಂದ ಪೊದೆಯಾಗಿ ನಿಲ್ಲುತ್ತೆ. ಇದು ನೆಲದ ಮೇಲೆ ಹರಿದು, ಗಂಟುಗಂಟಿಗೂ ಬೇರು ಬಿಡುತ್ತೆ. ಬೇಕಾದ್ರೆ ಹೋಗಿ ನೋಡು."

ಅವಳು ಓಡಿ ಹೋಗಿ ಒಂದು ಕಾಂಡವನ್ನು ಎಳೆದಳು. ಗಂಟುಗಳಲ್ಲಿ ಬಿಳಿಯ ರೋಮ, ಕೆಳಗೆ ಬೇರು. ಮೊದಲ ದಿನದಿಂದಲೂ ಎಲ್ಲವೂ ಇಲ್ಲೇ ಇದ್ದವು. ಅವಳು ಅವುಗಳ ಮೇಲೆಯೇ ಕುಳಿತಿದ್ದಳು.

"ಏನೇ ಕಾಣ್ತಿದೆ?" ಹಿಂದೆಯೇ ಬಂದ ತರಲೆ ಬಗ್ಗಿದ.

ಅವಳು ಸರಿದು ಅವನಿಗೂ ಜಾಗ ಕೊಟ್ಟಳು. "ಸ್ವಲ್ಪ ಸುಮ್ನಿರು. ಇನ್ನೂ ನೋಡ್ತಿದ್ದೀನಿ."